ನೆಲದ ದಾರ, ನೆತ್ತರಿನ ದಾರ: ಲೆನಿಯ ಬುಕಾನನ್ ಮನೆತನದ ವಂಶವೃಕ್ಷ ಕಟ್ಟಿದ್ದು

ನನ್ನ ಓದುವ ಕೋಣೆಯ ಗೋಡೆಯ ಮೇಲೆ ಹದಿನೈದು ದಿನ ಇಬ್ಬರು ಫ್ರಾನ್ಸಿಸರಿದ್ದರು. ಒಬ್ಬ ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನ್ ಮಡಿದು ವರ್ಷ ತುಂಬುವ ಹೊತ್ತಿಗೆ, 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನೆಲ್ಲ ಸುತ್ತಿ, 1801ರ ಜುಲೈನಲ್ಲಿ ಪ್ರಯಾಣ ಮುಗಿಸಿದ ವೈದ್ಯ. ಇನ್ನೊಬ್ಬ ಫ್ರಾನ್ಸಿಸ್ ಹ್ಯಾಮಿಲ್ಟನ್. 1822ರಲ್ಲಿ ಗಂಗಾ ನದಿಯ ಮೀನುಗಳನ್ನು ವಿವರಿಸಿದವನು. ನಮ್ಮ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ನಂತರ ಇಂದಿಗೂ ‘ಹ್ಯಾಮಿಲ್ಟನ್, 1822’ ಎಂದೇ ಬರೆಯುತ್ತಾರೆ. ಇಬ್ಬರಿಗೂ ಬೇರೆ ಬೇರೆ ಚೀಟಿ ಬರೆದು, ಒಂದು ಮೊಳ ಅಂತರದಲ್ಲಿ ಅಂಟಿಸಿದ್ದೆ.

ಆಮೇಲೆ 1819ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾದ, ನೇಪಾಳದ ಕುರಿತ ಪುಸ್ತಕದ ಶೀರ್ಷಿಕೆ ಪುಟ ಕಣ್ಣಿಗೆ ಬಿತ್ತು. ಲೇಖಕನ ಹೆಸರು ಫ್ರಾನ್ಸಿಸ್ ಹ್ಯಾಮಿಲ್ಟನ್. ಅದರ ಪಕ್ಕದಲ್ಲೇ ಕಂಸದೊಳಗೆ ‘ಹಿಂದೆ ಬುಕಾನನ್’ ಎಂದಿತ್ತು. ಇಬ್ಬರೂ ಒಬ್ಬನೇ. 1815ರಲ್ಲಿ ಭಾರತ ಬಿಟ್ಟು ಸ್ಕಾಟ್ಲೆಂಡಿಗೆ ಮರಳಿದ ಅವನಿಗೆ ತಾಯಿಯ ಕಡೆಯ ಆಸ್ತಿ ಬಂತು. ಆಸ್ತಿಯ ಹಿಂದೆಯೇ ತಾಯಿಯ ಮನೆತನದ ಹೆಸರೂ ಬಂತು.

ಚೀಟಿ ಕಿತ್ತಾಗ ಕಾಗದದ ಮೇಲ್ಪದರವೂ ಅಂಟಿನ ಜೊತೆ ಸುಲಿದು ಬಂತು. ಅಂದಿನಿಂದ ಅಂಟು ಬಿಟ್ಟೆ, ಗುಂಡುಸೂಜಿ ಹಿಡಿದೆ. ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವ ಮಾತೂ ಇದೇ: ಯಾರನ್ನೂ ಅಂಟಿಸಬೇಡಿ.

ಇದನ್ನು ಏಕೆ ಕೈಗೆತ್ತಿಕೊಂಡೆ ಎಂದು ಹೇಳಬೇಕು. ಬುಕಾನನ್ ನಮ್ಮ ಊರುಗಳಲ್ಲಿ ಕುಳಿತು ಕೇಳದ ಪ್ರಶ್ನೆಯಿಲ್ಲ. ಇಷ್ಟು ನೆಲಕ್ಕೆ ಬಿತ್ತನೆ ಎಷ್ಟು, ಕಬ್ಬಿಣ ಕಾಯಿಸುವುದು ಹೇಗೆ, ಈ ಕುಲದವರು ಯಾರ ಮನೆಯಲ್ಲಿ ಊಟ ಮಾಡುತ್ತಾರೆ, ಹೆಣ್ಣು ಎಲ್ಲಿಂದ ತರುತ್ತಾರೆ, ಸತ್ತರೆ ಹೂಳುತ್ತಾರೋ ಸುಡುತ್ತಾರೋ. ಅದೆಲ್ಲ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇನ್ನೂರು ವರ್ಷದ ಹಿಂದಿನ ನಮ್ಮ ಬೇಸಾಯ, ಕಸುಬು, ಜಾತಿಗಳ ಬಗ್ಗೆ ಬರೆಯುವವರು ಇಂದಿಗೂ ಅವನ ಪುಟಗಳನ್ನು ತಿರುವಿ ಹಾಕುತ್ತಾರೆ. ಹಿಂದೂ ಗ್ರಂಥಗಳಿಂದ ವಂಶಾವಳಿಗಳನ್ನು ಹೆಕ್ಕಿ 1819ರಲ್ಲಿ ಇನ್ನೊಂದು ಪುಸ್ತಕವನ್ನೂ ಹೊರತಂದ. ನಮ್ಮ ಕುಲ ಕೇಳಿದವನ ಕುಲ ಯಾವುದು, ಅವನ ಮನೆಯ ನೆಲ ಎಷ್ಟು, ಅದು ಯಾರಿಂದ ಯಾರಿಗೆ ಇಳಿಯಿತು ಎಂದು ತಿಳಿಯುವ ಆಸೆ ನನಗೆ ಹುಟ್ಟಿತು. ಅವನು ನಮ್ಮನ್ನು ಅಷ್ಟು ಶ್ರದ್ಧೆಯಿಂದ ಕೇಳಿ ಬರೆದುಕೊಂಡಿದ್ದಾನೆ. ಅಷ್ಟೇ ಶ್ರದ್ಧೆಯಿಂದ ಅವನ ಮನೆತನವನ್ನೂ ಯಾರಾದರೂ ಕನ್ನಡದಲ್ಲಿ ಬರೆಯಬೇಕು ಅನ್ನಿಸಿತು. ಅವನ ತಂದೆಯ ಕಡೆಯ ನೆಲದ ಹೆಸರು ಲೆನಿ, ಸ್ಕಾಟ್ಲೆಂಡಿನ ಕ್ಯಾಲಂಡರ್ ಎಂಬ ಊರಿನ ಬಳಿ.

ಸಾಮಾನು ಹೆಚ್ಚೇನಿಲ್ಲ. ಎರಡು ಥರ್ಮಾಕೋಲ್ ಹಾಳೆ, ಅದಕ್ಕೆ ಹೊದಿಸಲು ಪುಸ್ತಕಕ್ಕೆ ಹಾಕುವ ಕಂದು ಕಾಗದ, ಅಂಗೈ ಅಗಲದ ದಪ್ಪ ಚೀಟಿಗಳು, ಗುಂಡುಸೂಜಿ, ಕಸೂತಿ ದಾರ. ಮೊದಲಿಗೆ ಕೆಂಪು ದಾರ ಒಂದನ್ನೇ ತಂದಿದ್ದೆ. ತಂದೆಯಿಂದ ಮಗನಿಗೆ ಕೆಂಪು ಎಳೆ, ಅಷ್ಟೇ. ಹಸಿರು ದಾರ ಬಂದದ್ದು ಅಪ್ಪನಿಂದ.

ಅಪ್ಪ ಮೂವತ್ತು ವರ್ಷ ಉಪನೋಂದಣಿ ಕಚೇರಿಯ ಎದುರು ಪತ್ರ ಬರಹಗಾರರಾಗಿದ್ದವರು. ಒಂದು ಸಂಜೆ ಗೋಡೆಯ ಮುಂದೆ ನಿಂತು, ಕನ್ನಡಕ ಏರಿಸಿ ನೋಡಿದರು.

“ಯಾರ ವಂಶವೃಕ್ಷ ಇದು?”

ಹೇಳಿದೆ.

“ಆಸ್ತಿ ಎಲ್ಲಿದೆ? ಚೆಕ್ಕುಬಂದಿ ಏನು?”

“ನಾನು ಆಸ್ತಿ ಹುಡುಕುತ್ತಿಲ್ಲ ಅಪ್ಪ, ಜನರನ್ನು ಹುಡುಕುತ್ತಿದ್ದೇನೆ.”

“ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ. ನೆಲ ಒಂದೇ. ಮೂಲಪತ್ರ ಹಿಡಿದು ಇಳಿದು ಬಾ, ಜನ ತಾವಾಗಿ ಸಿಗುತ್ತಾರೆ.”

ಸ್ಕಾಟ್ಲೆಂಡಿನ ಭೂಮಾಲೀಕ ಮನೆತನಗಳ ಮಟ್ಟಿಗೆ ಇದಕ್ಕಿಂತ ಸರಿಯಾದ ಮಾತು ನನಗೆ ಯಾವ ಕೈಪಿಡಿಯಲ್ಲೂ ಸಿಗಲಿಲ್ಲ. ಮಾರನೆಯ ದಿನವೇ ಹಸಿರು ದಾರ ತಂದೆ. ಕೆಂಪು ನೆತ್ತರಿಗೆ, ಹಸಿರು ನೆಲಕ್ಕೆ.

ಅಲ್ಲಿನ ದಾಖಲೆಗಳ ಸ್ವರೂಪವೇ ಹಾಗಿದೆ. ಸರ್ಕಾರ ಜನನ, ಮರಣ, ಮದುವೆಗಳನ್ನು ಕಡ್ಡಾಯವಾಗಿ ನೋಂದಾಯಿಸಲು ಹಿಡಿದದ್ದು 1855ರ ಜನವರಿ 1ರಿಂದ. ಫ್ರಾನ್ಸಿಸ್ ತೀರಿಕೊಂಡದ್ದು 1829ರಲ್ಲಿ. ಅದಕ್ಕೂ ಹಿಂದೆ ಹೋಗಬೇಕಾದರೆ ಚರ್ಚಿನ ಪ್ಯಾರಿಷ್ ಪುಸ್ತಕಗಳೇ ಗತಿ. ಅವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಎಂಬ ಊರಿನದು, 1553ರಿಂದ ಶುರುವಾಗುತ್ತದೆ. ಆದರೆ ಎಷ್ಟೋ ಪ್ಯಾರಿಷ್‌ಗಳಲ್ಲಿ ನಡುನಡುವೆ ವರ್ಷಗಟ್ಟಲೆ ಖಾಲಿ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ ಮೂರು ಪೆನ್ಸ್ ತೆರಿಗೆ ಹಾಕಿದ್ದರಿಂದ, ಮಗುವಿನ ಹೆಸರು ಬರೆಸದೆ ಬಿಟ್ಟವರೂ ಇದ್ದಾರೆ. ಇವುಗಳ ಸೂಚಿಯನ್ನು ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಜನರ ದಾಖಲೆ ಇಷ್ಟು ಹರಕಾಗಿದ್ದರೂ ನೆಲದ ದಾಖಲೆ ಗಟ್ಟಿಯಾಗಿದೆ. 1617ರಲ್ಲಿ ‘ಸೇಸಿನ್’ ರಿಜಿಸ್ಟರ್ ಆರಂಭವಾಯಿತು. ಸೇಸಿನ್ ಎಂದರೆ ನೆಲವನ್ನು ಸ್ವಾಧೀನಕ್ಕೆ ಕೊಡುವ ಕ್ರಿಯೆ. ಒಡೆಯನ ಪರವಾಗಿ ಬಂದವನು ಆ ನೆಲದ ಮೇಲೆಯೇ ನಿಂತು, ಅಲ್ಲಿಯದೇ ಒಂದು ಹಿಡಿ ಮಣ್ಣು, ಒಂದು ಕಲ್ಲನ್ನು ಪಡೆಯುವವನ ಕೈಗೆ ಇಡುತ್ತಿದ್ದ. ಗಿರಣಿಯಾದರೆ ಮಣ್ಣಿನ ಬದಲು ಗಿರಣಿಯ ಬಿಡಿಭಾಗ, ಮೀನುಗಾರಿಕೆಯ ಹಕ್ಕಾದರೆ ಬಲೆ ಮತ್ತು ದೋಣಿ. ನೋಟರಿ ಅದನ್ನು ಕಣ್ಣಾರೆ ಕಂಡು, ಸಾಕ್ಷಿಗಳ ಹೆಸರು ಸಹಿತ ಬರೆಯಬೇಕು. ಬರೆದದ್ದನ್ನು ಅರವತ್ತು ದಿನದೊಳಗೆ ನೋಂದಣಿ ಮಾಡಿಸಬೇಕು. ಮಣ್ಣು ಕೊಡುವ ಈ ಪದ್ಧತಿ 1845ರವರೆಗೂ ಕಾನೂನಿನಲ್ಲಿತ್ತು. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ನಮ್ಮ ಶಾಸನಗಳ ‘ಧಾರಾಪೂರ್ವಕ’ವನ್ನು ನೆನೆದರು. ನಮ್ಮಲ್ಲಿ ಕೈಗೆ ನೀರೆರೆದರು, ಅಲ್ಲಿ ಮಣ್ಣು ಹಾಕಿದರು.

ವಂಶವೃಕ್ಷ ಕಟ್ಟುವವನಿಗೆ ಇನ್ನೂ ಹೆಚ್ಚು ಬೇಕಾದದ್ದು ‘ರಿಟೂರ್’ ಎಂಬ ದಾಖಲೆ. ನಮ್ಮ ಪೌತಿ ಖಾತೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಮಾಲೀಕ ಸತ್ತ. ವಾರಸುದಾರ ಚಾನ್ಸರಿ ಎಂಬ ಅರಸನ ಕಚೇರಿಯಿಂದ ಒಂದು ಆಜ್ಞಾಪತ್ರ ತರುತ್ತಾನೆ. ಶೆರಿಫ್, ಅಂದರೆ ಆ ಸೀಮೆಯ ನ್ಯಾಯಾಧಿಕಾರಿ, ಸುತ್ತಮುತ್ತಲಿನ ಹದಿನೈದು ಜನ ಪಂಚರನ್ನು ಕೂರಿಸಿ ವಿಚಾರಿಸುತ್ತಾನೆ. ಸತ್ತವನಿಗೆ ಇವನೇ ಹತ್ತಿರದ ನ್ಯಾಯಬದ್ಧ ವಾರಸುದಾರನೇ, ವಯಸ್ಸಿಗೆ ಬಂದಿದ್ದಾನೆಯೇ, ನೆಲದ ಬೆಲೆ ಹಿಂದೆ ಎಷ್ಟಿತ್ತು, ಈಗ ಎಷ್ಟು. ಪಂಚರ ಉತ್ತರ ಚಾನ್ಸರಿಗೆ ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ ಪತ್ರವೇ ರಿಟೂರ್. ಉಳಿದಿರುವ ಸಾಲು 1530ರಿಂದ ಸಿಗುತ್ತದೆ. 1700ರವರೆಗಿನದರ ಸಾರಾಂಶ 1811ರಿಂದ 1816ರ ನಡುವೆ ಮೂರು ಸಂಪುಟಗಳಲ್ಲಿ ಅಚ್ಚಾಗಿದೆ. ಬಹುಪಾಲು ಲ್ಯಾಟಿನ್. ಕ್ರಾಮ್‌ವೆಲ್ ಕಾಲದ ಕೆಲವು ವರ್ಷ ಬಿಟ್ಟರೆ 1847ರವರೆಗೂ ಲ್ಯಾಟಿನ್ನೇ.

ಉಯಿಲು ಸಾಲದೇ ಎಂದು ಕೇಳಬಹುದು. ಸಾಲದು. 1868ರವರೆಗೆ ಅಲ್ಲಿ ಸ್ಥಿರಾಸ್ತಿಯನ್ನು ಉಯಿಲಿನಲ್ಲಿ ಬರೆಯುವಂತೆಯೇ ಇರಲಿಲ್ಲ. ಉಯಿಲಿನಲ್ಲಿ ಸಿಗುವುದು ಹಸು, ಕುದುರೆ, ಧಾನ್ಯ, ಸಾಲ, ಬೆಳ್ಳಿ ಚಮಚ. ನೆಲ ಹಿರಿಯ ಮಗನಿಗೆ ತಾನಾಗಿ ಹೋಗುತ್ತಿತ್ತು. ಉಯಿಲಿನಲ್ಲಿ ಹಿರಿಯ ಮಗನ ಹೆಸರೇ ಕಾಣಲಿಲ್ಲವೆಂದರೆ ಅವನು ಸತ್ತಿದ್ದಾನೆ ಎಂದು ತಿಳಿಯಬಾರದು. ಆಸ್ತಿ ಆಗಲೇ ಅವನದಾಗಿರುವುದರಿಂದ ಅವನ ಹೆಸರು ಹೇಳಬೇಕಾದ ಪ್ರಸಂಗವೇ ಬಂದಿಲ್ಲ. ಹೀಗೆ ನಾನು ಬದುಕಿದ್ದವನೊಬ್ಬನ ಚೀಟಿಯ ಮೇಲೆ ಸತ್ತವರ ಗುರುತು ಹಾಕಿ, ಎರಡು ವಾರದ ನಂತರ ಅಳಿಸಿದೆ.

ಇನ್ನು ನಾನು ಮಾಡಿದ ಉಳಿದ ತಪ್ಪುಗಳು. ಇವುಗಳ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಗೋಡೆ ಸರಿಯಾದದ್ದೇ ಇವುಗಳಿಂದ.

ಮೊದಲ ತಪ್ಪು ತಾರೀಖಿನದು. ರಿಟೂರ್ ಆದ ದಿನವನ್ನೇ ಹಿರಿಯ ಸತ್ತ ದಿನವೆಂದು ಬರೆದುಕೊಂಡು ಹೋಗಿದ್ದೆ. ಅಪ್ಪ ಒಂದೇ ಪ್ರಶ್ನೆ ಕೇಳಿದರು: “ನಮ್ಮ ತಾತ ಸತ್ತು ಎಷ್ಟು ವರ್ಷಕ್ಕೆ ಖಾತೆ ಬದಲಾಯಿತು?” ಇಪ್ಪತ್ತಾರು ವರ್ಷಕ್ಕೆ. ಸಾಲ ಬೇಕಾದಾಗ, ಮಾರಬೇಕಾದಾಗ, ದಾಯಾದಿ ತಕರಾರು ಬಂದಾಗ ಮಾತ್ರ ಜನ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಸ್ಕಾಟ್ಲೆಂಡಿನಲ್ಲೂ ಹಾಗೆಯೇ. ವಾರಸುದಾರ ರಿಟೂರ್ ಮಾಡಿಸದೆ ವರ್ಷಾನುಗಟ್ಟಲೆ ನೆಲ ಅನುಭವಿಸಬಹುದಾಗಿತ್ತು. ಹಾಗಾಗಿ ಆ ಎಲ್ಲ ಚೀಟಿಗಳಲ್ಲಿ ‘ಮರಣ’ ಎಂಬುದನ್ನು ಹೊಡೆದು ‘ಇದಕ್ಕೆ ಮುಂಚೆ ಮರಣ’ ಎಂದು ತಿದ್ದಿದೆ. ಒಂದೇ ಸಂಜೆ ಹನ್ನೊಂದು ಚೀಟಿ.

ಎರಡನೆಯದು ವರ್ಷದ ಲೆಕ್ಕ. ಇಂಗ್ಲೆಂಡಿನಲ್ಲಿ 1752ರವರೆಗೆ ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. ಸ್ಕಾಟ್ಲೆಂಡ್ 1600ರಲ್ಲೇ ಜನವರಿ 1ಕ್ಕೆ ಬದಲಾಯಿಸಿಕೊಂಡಿತ್ತು. ಒಂದನೆಯ ಚಾರ್ಲ್ಸನ ತಲೆ ಕಡಿದ ಜನವರಿ 30 ಸ್ಕಾಟ್ ಕಾಗದಗಳಲ್ಲಿ 1649, ಇಂಗ್ಲೆಂಡಿನ ಅಂದಿನ ಕಾಗದಗಳಲ್ಲಿ 1648. ಇಂಗ್ಲಿಷ್ ಕೈಪಿಡಿಯೊಂದನ್ನು ನಂಬಿ ಸ್ಕಾಟ್ ದಾಖಲೆಗಳ ವರ್ಷಕ್ಕೂ ಒಂದು ಕೂಡಿಸಿ, ತಂದೆಗಿಂತ ಮೊದಲೇ ಮಗನಿಗೆ ಆಸ್ತಿ ಬರುವಂತೆ ಮಾಡಿದ್ದೆ. ಕೂಡಿಸಿದ್ದನ್ನೆಲ್ಲ ಕಳೆದೆ.

ಮೂರನೆಯದು ಒಂದು ಸಣ್ಣ ಅಕ್ಷರದ್ದು. ಸ್ಕಾಟ್ ದಾಖಲೆಯಲ್ಲಿ ‘ಬುಕಾನನ್ ಆಫ್ ಲೆನಿ’ ಎಂದರೆ ಲೆನಿಯ ಒಡೆಯ. ‘ಬುಕಾನನ್ ಇನ್ ಲೆನಿ’ ಎಂದರೆ ಲೆನಿಯಲ್ಲಿ ಗೇಣಿಗೆ ಇರುವವನು. ಒಂದು ವಿಭಕ್ತಿ ಅಷ್ಟೇ: ಲೆನಿಯವನು, ಲೆನಿಯಲ್ಲಿರುವವನು. ಹೊಲ ಉತ್ತವನನ್ನು ಹೊಲದ ಒಡೆಯನ ಸಾಲಿಗೆ ಸೇರಿಸಿದರೆ ಇಬ್ಬರಿಗೂ ಅನ್ಯಾಯ. ಇಂಥ ನಾಲ್ಕು ಚೀಟಿಗಳನ್ನು ಗೋಡೆಯಿಂದ ತೆಗೆದೆ. ಆದರೆ ಎಸೆಯಲಿಲ್ಲ, ಗೋಡೆಯ ಕೆಳಗಿನ ಅಂಚಿನಲ್ಲಿ ಅವರಿಗೆ ಬೇರೆ ಸಾಲು ಮಾಡಿದೆ. ದೊಡ್ಡ ಮನೆತನಗಳ ವಂಶವೃಕ್ಷಗಳಲ್ಲಿ ಗೇಣಿದಾರರಿಗೆ ಜಾಗವಿರುವುದಿಲ್ಲ. ನನ್ನ ಗೋಡೆಯಲ್ಲಿ ಇರಲಿ.

ಇದರ ಜೊತೆಗೇ ಬರುವುದು ‘ಆಫ್ ದಟ್ ಇಲ್ಕ್’. ಇಲ್ಕ್ ಎಂದರೆ ‘ಅದೇ’. ಮನೆತನದ ಹೆಸರೂ ನೆಲದ ಹೆಸರೂ ಒಂದೇ ಆಗಿದ್ದರೆ ಹೀಗೆ ಬರೆಯುತ್ತಾರೆ. ಬುಕಾನನ್ ಎಂಬ ನೆಲಕ್ಕೆ ಒಡೆಯನಾದ ಬುಕಾನನ್ ಇಡೀ ಕುಲಕ್ಕೆ ಯಜಮಾನ. ಆ ಹಿರಿಯ ಸಾಲು 1681ರ ಸುಮಾರಿಗೆ ಗಂಡು ಸಂತಾನವಿಲ್ಲದೆ ನಿಂತಿತು. ಮರುವರ್ಷವೇ ಆ ನೆಲವನ್ನು ಮಾಂಟ್ರೋಸ್‌ನ ಮಾರ್ಕ್ವಿಸ್ ಕೊಂಡ. ಅವನು ಗ್ರೇಯಮ್ ಮನೆತನದವನು. ಗೋಡೆಯಲ್ಲಿ ಈ ಜಾಗವನ್ನು ನೋಡಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಕೆಂಪು ದಾರ ಅಲ್ಲಿಗೇ ಮುಗಿದಿದೆ, ಹಸಿರು ದಾರ ಮಾತ್ರ ಬೇರೆ ಮನೆತನದ ಕಡೆಗೆ ತಿರುಗಿ ಹೋಗಿದೆ.

ಇನ್ನು ನೆಂಟಸ್ತಿಕೆಯ ಮಾತುಗಳು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಇದೇ. ಶುರುವಿನಲ್ಲಿ ನಾನು ರಿಟೂರ್‌ಗಳನ್ನು ಇಂಗ್ಲಿಷ್ ಸಾರಾಂಶದಲ್ಲಿ ಓದುತ್ತಿದ್ದೆ. ಅಲ್ಲಿ ಎಲ್ಲ ಕಡೆ ‘ಅಂಕಲ್’. ಅಂಕಲ್‌ನಿಂದ ನೆಲ ಬಂತು ಎಂದರೆ ತಂದೆಯ ಕಡೆಯಿಂದಲೋ ತಾಯಿಯ ಕಡೆಯಿಂದಲೋ? ದಾರ ಎತ್ತ ಕಟ್ಟುವುದು? ಮೂಲ ಲ್ಯಾಟಿನ್ ತೆಗೆದು ನೋಡಿದರೆ ಅಲ್ಲಿ ಎರಡು ಬೇರೆ ಬೇರೆ ಪದಗಳಿವೆ. ‘ಪಾಟ್ರೂಸ್’ ಎಂದರೆ ತಂದೆಯ ಅಣ್ಣ ಅಥವಾ ತಮ್ಮ, ‘ಅವುಂಕುಲುಸ್’ ಎಂದರೆ ಸೋದರಮಾವ. ‘ಅಮಿತ’ ಸೋದರತ್ತೆ, ‘ಮಾಟೆರ್ಟೆರ’ ತಾಯಿಯ ಅಕ್ಕತಂಗಿ. ಇಂಗ್ಲಿಷಿನಲ್ಲಿ ಕರಗಿಹೋದ ನೆಂಟಸ್ತಿಕೆ ಕನ್ನಡದಲ್ಲಿ ಹಾಗೆಯೇ ನಿಂತಿದೆ. ಅಂದಿನಿಂದ ಚೀಟಿಗಳ ಮೇಲೆ ನೆಂಟಸ್ತಿಕೆಯನ್ನು ಕನ್ನಡದಲ್ಲಿ ಮಾತ್ರ ಬರೆಯುತ್ತಿದ್ದೇನೆ. ಸೋದರಮಾವನೆಂದು ಬರೆದೊಡನೆ ಹಸಿರು ದಾರ ಯಾವ ಕಡೆ ಹೋಗಬೇಕೆಂದು ಕೈಗೇ ತಿಳಿಯುತ್ತದೆ.

ಎಲ್ಲವೂ ಇಷ್ಟು ಸಲೀಸಲ್ಲ. ‘ನೆಪೋಸ್’ ಎಂಬ ಪದಕ್ಕೆ ಮೊಮ್ಮಗ ಎಂಬ ಅರ್ಥವೂ ಇದೆ, ಅಣ್ಣತಮ್ಮಂದಿರ ಇಲ್ಲವೇ ಅಕ್ಕತಂಗಿಯರ ಮಗ ಎಂಬ ಅರ್ಥವೂ ಇದೆ. ಅಚ್ಚಾದ ಅನುವಾದವೊಂದನ್ನು ನಂಬಿ ಒಬ್ಬನನ್ನು ಪಕ್ಕದ ಕೊಂಬೆಗೆ ಹಾಕಿದ್ದೆ. ನಡುವಿನ ಕಾಲದ ಅಂತರ ನೋಡಿದರೆ ಅವನು ಮೊಮ್ಮಗನೇ ಆಗಿರಬೇಕಿತ್ತು. ಕೊನೆಗೆ ಬೇರೊಂದು ಸಾಲಿನಲ್ಲಿ ಅದೇ ಹಿರಿಯನನ್ನು ‘ಆವುಸ್’, ಅಂದರೆ ತಾತ, ಎಂದು ಕರೆದದ್ದು ಸಿಕ್ಕಿತು. ಒಂದು ಪದದ ಅನುಮಾನವನ್ನು ಎದುರಿನ ತುದಿಯ ಪದ ಬಗೆಹರಿಸಿತು. ಹೆಸರೂ ಅದನ್ನೇ ಹೇಳುತ್ತಿತ್ತು. ಸ್ಕಾಟ್ ಮನೆಗಳಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿಯಿತ್ತು. ತಾತನ ಹೆಸರು ಹೊತ್ತ ಮೊಮ್ಮಗನನ್ನು ಗುರುತಿಸಲು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಪಾಟ್ರೂಸ್ ಸಿಕ್ಕಿದ ಮೇಲೂ ಅಪ್ಪ ಬಿಡಲಿಲ್ಲ. “ದೊಡ್ಡಪ್ಪನೋ ಚಿಕ್ಕಪ್ಪನೋ?” ಎಂದರು. ಅದರಿಂದ ಏನು ವ್ಯತ್ಯಾಸ ಎಂದೆ. ವ್ಯತ್ಯಾಸವಿತ್ತು. ಸ್ಕಾಟ್ ಕಾನೂನು ನೆಲವನ್ನು ಎರಡು ಬಗೆಯಾಗಿ ನೋಡುತ್ತಿತ್ತು: ‘ಹೆರಿಟೇಜ್’ ಮತ್ತು ‘ಕಾಂಕ್ವೆಸ್ಟ್’. ಹೆರಿಟೇಜ್ ನಮ್ಮ ಪಿತ್ರಾರ್ಜಿತ. ಕಾಂಕ್ವೆಸ್ಟ್ ಎಂದರೆ ಗೆದ್ದದ್ದಲ್ಲ, ಕೊಂಡು ಮಾಡಿಕೊಂಡದ್ದು. ನಮ್ಮ ಸ್ವಯಾರ್ಜಿತ. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು ಮಕ್ಕಳಿಲ್ಲದೆ ಸತ್ತನೆಂದುಕೊಳ್ಳಿ. ಅವನಿಗೆ ಪಿತ್ರಾರ್ಜಿತವಾಗಿ ಬಂದ ನೆಲ ಕೆಳಗಿಳಿದು ತಮ್ಮನಿಗೆ ಹೋಗುತ್ತಿತ್ತು. ಅವನೇ ಕೊಂಡ ನೆಲ ಮೇಲೇರಿ ಅಣ್ಣನಿಗೆ ಹೋಗುತ್ತಿತ್ತು. ಈ ಭೇದ 1874ರಲ್ಲಿ ಹೋಯಿತು. ಅದಕ್ಕೆ ಮುಂಚಿನ ಕಾಗದಗಳಲ್ಲಿ ಒಬ್ಬನೇ ಸತ್ತವನಿಗೆ ಇಬ್ಬರು ವಾರಸುದಾರರು ಕಂಡರೆ, ಜಗಳವೆಂದೋ ದಾಖಲೆಯ ತಪ್ಪೆಂದೋ ಭಾವಿಸಬಾರದು. ಆ ದಿನ ರಾತ್ರಿ ಹಸಿರು ದಾರದಲ್ಲೇ ಎರಡು ಬಣ್ಣ ಮಾಡಿದೆ. ಪಿತ್ರಾರ್ಜಿತಕ್ಕೆ ಕಡು ಹಸಿರು, ಸ್ವಯಾರ್ಜಿತಕ್ಕೆ ಎಳೆ ಹಸಿರು. ಸತ್ತವನ ವಯಸ್ಸು ಗೊತ್ತಿಲ್ಲದಿದ್ದರೂ, ದಾರ ಮೇಲೇರಿದೆಯೋ ಕೆಳಗಿಳಿದಿದೆಯೋ ನೋಡಿ ಅಣ್ಣ ಯಾರು ತಮ್ಮ ಯಾರು ಎಂದು ಹೇಳಬಹುದಾಯಿತು. ಪತ್ರ ಬರಹಗಾರರ ಮನೆಯಲ್ಲಿ ಹುಟ್ಟಿದ್ದಕ್ಕೆ ನಾನು ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ಕಾಟ್ ಕಾಗದಗಳು ಉದಾರ. ಮದುವೆಯಾದ ಮೇಲೂ ಹೆಂಗಸಿನ ತವರಿನ ಹೆಸರು ಉಳಿಯುತ್ತದೆ. ‘ಇಂಥವನ ಹೆಂಡತಿ ಎಲಿಜಬೆತ್ ಹ್ಯಾಮಿಲ್ಟನ್’ ಎಂದೇ ಬರೆಯುತ್ತಾರೆ. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಹಿರಿಯಳಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಮುಖ್ಯ ಮನೆಯಂಥ, ಹಂಚಲಾಗದ ಆಸ್ತಿ ಮಾತ್ರ. ವಿಧವೆಗೆ ಗಂಡನ ನೆಲದ ಮೂರನೆಯ ಒಂದು ಪಾಲಿನ ಆದಾಯ ಜೀವನಪರ್ಯಂತ. ಲೆನಿ ಬುಕಾನನ್ನರ ಕೈಗೆ ಬಂದದ್ದೇ ಹೆಣ್ಣಿನಿಂದ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಲೆನಿ ಎಂಬ ಹಳೆಯ ಮನೆತನದ ವಾರಸುದಾರಳು ಬುಕಾನನ್ ಮನೆಗೆ ಸೊಸೆಯಾಗಿ ಬಂದಳು. ಆ ಹಳೆಯ ಮನೆತನ ಬಹುಕಾಲ ಪತ್ರವಿಲ್ಲದೆ ಒಂದು ಕತ್ತಿಯನ್ನೇ ಹಕ್ಕಿನ ಗುರುತಾಗಿ ಇಟ್ಟುಕೊಂಡು ನೆಲ ಅನುಭವಿಸುತ್ತಿತ್ತೆಂಬ ಪ್ರತೀತಿ ಇದೆ. ಅಪ್ಪನಿಗೆ ಇದು ಒಪ್ಪಿಗೆಯಾಗಲಿಲ್ಲ. “ಕತ್ತಿಗೆ ನೋಂದಣಿ ಸಂಖ್ಯೆ ಇರುವುದಿಲ್ಲ,” ಎಂದರು. ಆ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬಿಟ್ಟಿದ್ದೇನೆ. ಮೂಲಪತ್ರ ಕಂಡದ್ದಕ್ಕೆ ಮಸಿ, ಕೇಳಿದ್ದಕ್ಕೆ ಪೆನ್ಸಿಲ್.

ಓದುವ ಅಭ್ಯಾಸಕ್ಕೆ ಎರಡು ತಿಂಗಳು ಹಿಡಿಯಿತು. ಹದಿನಾರು, ಹದಿನೇಳನೆಯ ಶತಮಾನದ ಸ್ಕಾಟ್ ಕೈಬರಹದಲ್ಲಿ ಕೆಲವು ಅಕ್ಷರಗಳು ಇಂದಿನ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ, ನಮ್ಮ ಹಳಗನ್ನಡದ ಱ, ೞ ಇದ್ದಂತೆ. ‘ಯೋಗ್’ ಎಂಬುದು ಅಂಥದೊಂದು. ಅಚ್ಚಿನ ಮನೆಯವರ ಬಳಿ ಅದರ ಮೊಳೆ ಇಲ್ಲದೆ, ನೋಡಲು ಹತ್ತಿರವಿದ್ದ ‘ಜ಼ೆಡ್’ ಹಾಕಿದರು. ಹಾಗಾಗಿ ಮೆಂಜೀಸ್ ಎಂದು ಬರೆದದ್ದನ್ನು ಅಲ್ಲಿನ ಹಳಬರು ಮಿಂಗಿಸ್ ಎನ್ನುತ್ತಾರೆ. ಕೈಫಿಯತ್ತುಗಳಿಂದ ನಮಗೆ ಪರಿಚಿತನಾದ ಕಾಲಿನ್ ಮೆಕೆಂಜಿಯ ಹೆಸರಿನ ‘ಜಿ’ ಕೂಡ ಮೂಲದಲ್ಲಿ ಈ ಯೋಗ್ ಅಕ್ಷರವೇ. ಇದು ಗೊತ್ತಿಲ್ಲದೆ ಸೂಚಿಯಲ್ಲಿ ಹುಡುಕಿದರೆ ಅರ್ಧ ಜನ ಸಿಗುವುದಿಲ್ಲ. ‘ಅಂಕ್ವೈಲ್’ ಎಂಬ ಪದ ಹೆಸರಿಗೆ ಮೊದಲು ಕಂಡರೆ ಅವನು ದಿವಂಗತ.

ಈಗ ಫ್ರಾನ್ಸಿಸನ ಚೀಟಿಗೆ ಬರುತ್ತೇನೆ. 1762ರ ಫೆಬ್ರವರಿ 15ರಂದು ಹುಟ್ಟಿದವನು. ತಂದೆ ಥಾಮಸ್ ಬುಕಾನನ್, ‘ಆಫ್ ಸ್ಪಿಟಲ್’, ವೈದ್ಯ. ತಾಯಿ ಎಲಿಜಬೆತ್ ಹ್ಯಾಮಿಲ್ಟನ್, ಬಾರ್ಡೋವಿ ಆಸ್ತಿಯ ವಾರಸುದಾರಳು. ಫ್ರಾನ್ಸಿಸ್ ನಾಲ್ಕನೆಯ ಮಗ. ಈ ‘ನಾಲ್ಕನೆಯ’ ಎಂಬುದರಲ್ಲಿಯೇ ಅವನು ಭಾರತಕ್ಕೆ ಬಂದ ಕಾರಣ ಇದೆಯೆಂದು ನನ್ನ ಎಣಿಕೆ. ನೆಲ ಹಿರಿಯನಿಗೆ; ಉಳಿದವರಿಗೆ ವಿದ್ಯೆ, ಸೈನ್ಯ, ಹಡಗು. 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದು ಹೊರಟವನು ಬರ್ಮಾ, ಚಿತ್ತಗಾಂಗ್, ಮೈಸೂರು, ನೇಪಾಳ, ಬಂಗಾಳ ಎಂದು ಸುತ್ತಿದ.

ಅವನ ಹುಟ್ಟೂರನ್ನು ನಾನು ನೋಡಿದ ಹಲವು ಅಚ್ಚಿನ ಪುಸ್ತಕಗಳು ‘ಬಾರ್ಡೋವಿ, ಕ್ಯಾಲಂಡರ್, ಪರ್ತ್‌ಶೈರ್’ ಎಂಬ ಅರ್ಥ ಬರುವಂತೆ ಕೊಡುತ್ತವೆ. ಹಾಗೆಯೇ ಬರೆದುಕೊಂಡಿದ್ದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಹಳೆಯ ನಕ್ಷೆಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. 1747ರಿಂದ 1755ರವರೆಗೆ ವಿಲಿಯಂ ರಾಯ್ ಸೈನ್ಯಕ್ಕಾಗಿ ಮಾಡಿದ ಸರ್ವೆ, ಆಮೇಲೆ ಹತ್ತೊಂಬತ್ತನೆಯ ಶತಮಾನದ ಮೈಲಿಗೆ ಆರಿಂಚಿನ ನಕ್ಷೆ, ಎಲ್ಲವೂ ಅಲ್ಲಿವೆ. ತೆರೆದು ನೋಡಿದರೆ ಬಾರ್ಡೋವಿ ಇರುವುದು ಗ್ಲಾಸ್ಗೋದ ಉತ್ತರಕ್ಕೆ, ಬಾಲ್ಡರ್ನಾಕ್ ಪ್ಯಾರಿಷ್‌ನಲ್ಲಿ, ಒಂದು ಸಣ್ಣ ಸರೋವರದ ದಡದಲ್ಲಿ. ಅಂದಿನ ಸ್ಟರ್ಲಿಂಗ್‌ಶೈರ್ ಅದು. ಕ್ಯಾಲಂಡರ್ ಅಲ್ಲಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಬೆಟ್ಟಗಳ ಬುಡದಲ್ಲಿ. ಲೆನಿ ಇರುವುದು ಕ್ಯಾಲಂಡರ್ ಬಳಿ. ತಾಯಿಯ ನೆಲವನ್ನೂ ತಂದೆಯ ಕಡೆಯ ನೆಲವನ್ನೂ ಯಾರೋ ಒಂದೇ ವಿಳಾಸದಲ್ಲಿ ಕೂಡಿಸಿಬಿಟ್ಟಿದ್ದಾರೆ, ಮುಂದಿನವರು ಅದನ್ನೇ ನಕಲು ಮಾಡಿದ್ದಾರೆ. ಚೀಟಿಯನ್ನು ಎರಡಾಗಿ ಸೀಳಿ ಬಾರ್ಡೋವಿಯನ್ನು ಹ್ಯಾಮಿಲ್ಟನ್ನರ ಹಸಿರು ದಾರಕ್ಕೆ, ಕ್ಯಾಲಂಡರನ್ನು ಬುಕಾನನ್ನರ ಹಸಿರು ದಾರಕ್ಕೆ ಕಟ್ಟಿದೆ. ಎರಡೂ ದಾರಗಳು ಫ್ರಾನ್ಸಿಸ್ ಎಂಬ ಒಂದೇ ಗುಂಡುಸೂಜಿಗೆ ಬಂದು ಸುತ್ತಿಕೊಂಡವು. ಎರಡು ಹೆಸರಿನವನಾಗಿ ಅವನು ಬದುಕಿದ್ದಕ್ಕೆ ಕಾರಣ ಆಗ ಕಣ್ಣಿಗೇ ಕಾಣಿಸಿತು.

ಕೊನೆಯ ವರ್ಷಗಳಲ್ಲಿ, 1820ರ ದಶಕದಲ್ಲಿ, ಅವನು ಬುಕಾನನ್ ಕುಲದ ಯಜಮಾನಿಕೆ ತನಗೆ ಸೇರಬೇಕೆಂದು ಹಕ್ಕು ಮಂಡಿಸಿದ. ನಮ್ಮೂರುಗಳಲ್ಲಿ ಜನರ ಕುಲ ಕೇಳುತ್ತ ನಡೆದವನು ಮನೆಗೆ ಹೋಗಿ ಇದೇ ನಾನು ಮಾಡುತ್ತಿರುವ ಕೆಲಸವನ್ನೇ ಮಾಡಿದ. ಹಳೆಯ ಪತ್ರ ಹುಡುಕಿದ, ಕೊಂಬೆ ಜೋಡಿಸಿದ. ಇಂಥ ಹಕ್ಕಿನಲ್ಲಿ ಕಷ್ಟದ ಭಾಗ ತಾನು ಹುಟ್ಟಿದ ಸಾಲನ್ನು ತೋರಿಸುವುದಲ್ಲ. ತನಗಿಂತ ಹಿರಿಯ ಸಾಲುಗಳಲ್ಲಿ ಒಬ್ಬರೂ ಉಳಿದಿಲ್ಲವೆಂದು ತೋರಿಸುವುದು. ದಾಯಾದಿಗಳು ಇಲ್ಲ ಎಂಬುದಕ್ಕೆ ದಾಖಲೆ ಎಲ್ಲಿಂದ ತರುವುದು? ಅವನ ನಂತರವೂ ಆ ಸ್ಥಾನ ಖಾಲಿಯಾಗಿಯೇ ಉಳಿಯಿತು. ಲಾಂಛನ ಮತ್ತು ವಂಶಾವಳಿಗಳ ಅಧಿಕಾರಿಯಾದ ಲಾರ್ಡ್ ಲಯನ್ 2018ರಲ್ಲಿ ಆರ್ನ್‌ಪ್ರಯರ್ ಎಂಬ ಬೇರೊಂದು ಕೊಂಬೆಯವರನ್ನು ಯಜಮಾನರೆಂದು ಮಾನ್ಯ ಮಾಡುವ ಹೊತ್ತಿಗೆ, ಹಿರಿಯ ಸಾಲು ನಿಂತು ಮುನ್ನೂರು ವರ್ಷಗಳಿಗೂ ಹೆಚ್ಚಾಗಿತ್ತು. ಆರ್ನ್‌ಪ್ರಯರ್‌ಗೆ ಗೋಡೆಯ ಎಡ ತುದಿಯಲ್ಲಿ ಜಾಗ ಬಿಟ್ಟಿದ್ದೇನೆ. ಅದಕ್ಕೆ ಇನ್ನೊಂದು ಥರ್ಮಾಕೋಲ್ ಹಾಳೆ ಬೇಕು.

ನಿನ್ನೆ ಅಪ್ಪ ಲೆನಿಯ ಚೀಟಿಯನ್ನು ಕೈಗೆ ತೆಗೆದುಕೊಂಡು, ಇನ್ನೂ ಚೆಕ್ಕುಬಂದಿ ಬರೆದಿಲ್ಲವಲ್ಲ ಎಂದರು. ಕಂಪ್ಯೂಟರಿನಲ್ಲಿ ಆರಿಂಚಿನ ನಕ್ಷೆ ತೆರೆದು ಮುಂದಿಟ್ಟೆ. ಬೆರಳಿನಿಂದ ತೆರೆಯ ಮೇಲೆ ನದಿಯನ್ನು ಹಿಡಿದು ಹೋದರು. ಆಮೇಲೆ ಮೂವತ್ತು ವರ್ಷ ಬರೆದ ಅದೇ ದುಂಡು ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ, ಚೀಟಿಯ ಹಿಂಬದಿಗೆ ಬರೆದರು: ‘ಪೂರ್ವಕ್ಕೆ ಕ್ಯಾಲಂಡರ್ ಊರು. ಪಶ್ಚಿಮಕ್ಕೆ ಬೆನ್ ಲೆಡಿ ಬೆಟ್ಟ. ದಕ್ಷಿಣಕ್ಕೆ ಲೆನಿ ಹೊಳೆ. ಉತ್ತರಕ್ಕೆ’. ಅಲ್ಲಿಗೆ ನಿಲ್ಲಿಸಿ, ಬೆಳಕು ಸಾಲದು, ನಾಳೆ ಬೆಳಿಗ್ಗೆ ನೋಡೋಣ ಎಂದು ಪೆನ್ಸಿಲನ್ನು ಚೀಟಿಯ ಮೇಲೆಯೇ ಇಟ್ಟು ಎದ್ದರು.